ಬೆಟ್ಟದ ಗಣಿಯ ಕೆಸರು ತುಂಬಲು ಕಣಿವೆ ಆರಿಸುವಾಗ ಮೊದಲು ಏನು ನೋಡಬೇಕು?

ತೀರ್ಥಹಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಮಣ್ಣು, ಬಂಡೆ, ಅಡಿಪಾಯ ನೋಡುವ ಕೆಲಸ. ಈಗ ನಮ್ಮ ತಂಡಕ್ಕೆ ಆಂಡಿಸ್ ಬೆಟ್ಟಸಾಲಿನ ಒಂದು ತಾಮ್ರದ ಗಣಿಯ ಕೆಲಸ ಬಂದಿದೆ. ಅದಿರನ್ನು ಹಿಟ್ಟಿನ ಹಾಗೆ ಅರೆದು ತಾಮ್ರ ತೆಗೆದ ಮೇಲೆ ಉಳಿಯುವ ಕೆಸರಿಗೆ ಟೇಲಿಂಗ್ಸ್ ಅನ್ನುತ್ತಾರೆ, ಗೊತ್ತಿಲ್ಲದವರಿಗಾಗಿ ಹೇಳಿದೆ. 100 ಟನ್ ಅದಿರು ಅರೆದರೆ ಒಂದು ಟನ್ ತಾಮ್ರ ಸಿಗುವುದೂ ಕಷ್ಟ. ಮಿಕ್ಕಿದ್ದೆಲ್ಲ ನೀರು ಬೆರೆತ ಕೆಸರು. ಕಣಿವೆಗೆ ಅಡ್ಡಲಾಗಿ ಡ್ಯಾಮ್ ಕಟ್ಟಿ ಅದನ್ನು ತುಂಬಿಡಬೇಕು. ಅದಕ್ಕೆ ಮೂರು ಕಣಿವೆ ಗುರುತಿಸಿದ್ದಾರೆ.

ನನ್ನ ಕೈಗೆ ಒಂದು ಎಕ್ಸೆಲ್ ಶೀಟ್ ಕೊಟ್ಟು ಮೂರಕ್ಕೂ ಅಂಕ ಹಾಕು ಅಂದರು. ಗಣಿಗೆ ಎಷ್ಟು ದೂರ, ಡ್ಯಾಮ್‌ಗೆ ಎಷ್ಟು ಮಣ್ಣು ಬೇಕು, ಎಷ್ಟು ಕೆಸರು ಹಿಡಿಯುತ್ತೆ, ಪಂಪ್ ಬೇಕೋ ಬೇಡವೋ, ಹೀಗೆ ಸಾಲು ಸಾಲು. ಅಂಕ ಹಾಕಿದೆ. ಮೊದಲನೇ ಕಣಿವೆ ಸುಲಭವಾಗಿ ಗೆದ್ದಿತು. ಗಣಿಗೆ ಹತ್ತಿರ, ಬಾಯಿ ಕಿರಿದು, ಹೊಟ್ಟೆ ಅಗಲ. ಆದರೆ ಆ ಕಣಿವೆಯ ಬಗ್ಗೆ ನನ್ನ ಹತ್ತಿರ ಇರುವುದು ಉಪಗ್ರಹದ ಚಿತ್ರ, ಒಣ ಕಾಲದಲ್ಲಿ ತೆಗೆದ ಫೋಟೊ, ಮತ್ತೆ ನೆಲದೊಳಗೆ ಏನಿದೆ ನೋಡಲು ಕೊರೆದ ನಾಲ್ಕೇ ನಾಲ್ಕು ಬೋರ್‌ಹೋಲ್. ನಾನು ಹಾಕಿದ ಅಂಕದ ಮೇಲೆ ನಾಳೆ ಸಾವಿರಾರು ಜನ ಆ ಡ್ಯಾಮ್‌ನ ಕೆಳಗೆ ಮಲಗುತ್ತಾರೆ ಅನ್ನಿಸಿ ನಿದ್ದೆ ಬರುತ್ತಿಲ್ಲ. ಅನುಭವ ಇರುವವರು ಹೇಳಿ, ನೀವಾಗಿದ್ದರೆ ಮೊದಲು ಏನನ್ನು ಕೇಳುತ್ತಿದ್ದಿರಿ?

ಕಲ್ಲುಮಣ್ಣು:

ತಮ್ಮಾ, ನಾನು ಈ ಕೆಲಸದಲ್ಲಿ 26 ವರ್ಷ ಕಳೆದಿದ್ದೇನೆ. ನಿನ್ನ ಶೀಟ್‌ನಲ್ಲಿ ಇರುವುದೆಲ್ಲ ಡ್ಯಾಮ್‌ನ ವಿಷಯ. ಬೆಟ್ಟದ ವಿಷಯ ಒಂದೂ ಇಲ್ಲ, ಗಮನಿಸಿದೆಯಾ?

ಒಂದು ಜಾಗದ ಕತೆ ಹೇಳುತ್ತೇನೆ. ಪಪುವಾ ನ್ಯೂಗಿನಿಯ ಓಕ್ ಟೆಡಿ ಗಣಿ. ಮೌಂಟ್ ಫುಬಿಲಾನ್ ಅನ್ನುವ ಬೆಟ್ಟದ ನೆತ್ತಿಯಲ್ಲಿ ಚಿನ್ನ, ಅದರ ಕೆಳಗೆ ತಾಮ್ರ. ವರ್ಷಕ್ಕೆ ಹತ್ತಿರ ಹತ್ತಿರ 10 ಮೀಟರ್ ಮಳೆ, ನಮ್ಮ ಆಗುಂಬೆಗಿಂತ ಜಾಸ್ತಿ. ಬೆಟ್ಟ ಇನ್ನೂ ಎಳೆಯದು, ಕಲ್ಲು ಮೆದು, ಭೂಕಂಪ ಬೇರೆ. ಅಲ್ಲಿ ಓಕ್ ಮಾ ಅನ್ನುವ ಹೊಳೆಯ ಕಣಿವೆಯಲ್ಲಿ ಟೇಲಿಂಗ್ಸ್ ಡ್ಯಾಮ್ ಕಟ್ಟಬೇಕು ಅಂತ ತೀರ್ಮಾನವಾಯಿತು. ಅಡಿಪಾಯ ಅಗೆಯುತ್ತಿದ್ದರು. 1984ರ ಜನವರಿಯಲ್ಲಿ ಪಕ್ಕದ ಗುಡ್ಡವೇ ಜಾರಿ ಕೆಳಗೆ ಬಂತು. ಸುಮಾರು 5 ಕೋಟಿ ಟನ್ ಮಣ್ಣು, ಕಲ್ಲು. ಡ್ಯಾಮ್ ಅಲ್ಲಿಗೆ ನಿಂತಿತು.

ಮುಂದೆ ಆದದ್ದು ಇನ್ನೂ ಕೆಟ್ಟದ್ದು. ಗಣಿ ಶುರು ಮಾಡಲೇಬೇಕಿತ್ತು. ಸದ್ಯಕ್ಕೆ ಡ್ಯಾಮ್ ಇಲ್ಲದೆ ನಡೆಸಿಕೊಳ್ಳಿ ಅಂತ ಸರ್ಕಾರ ಒಪ್ಪಿತು. ಆ ಸದ್ಯಕ್ಕೆ ಅನ್ನುವುದು ಮುಗಿಯಲೇ ಇಲ್ಲ. ಕೆಸರು ಓಕ್ ಟೆಡಿ ಹೊಳೆಗೆ, ಅಲ್ಲಿಂದ ಫ್ಲೈ ನದಿಗೆ ಹೋಯಿತು. ನದಿಯ ತಳ ಏರಿತು, ನೀರು ದಡ ದಾಟಿ ಕಾಡಿನಲ್ಲಿ ನಿಂತಿತು, ಮರಗಳು ನಿಂತಲ್ಲೇ ಸತ್ತವು. ಮೀನು ಹಿಡಿದು, ಹಿಟ್ಟು ಕೊಡುವ ಸಾಗು ಮರ ನಂಬಿ ಬದುಕುತ್ತಿದ್ದ ಜನ 1994ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಕೋರ್ಟಿಗೆ ಹೋದರು. 1996ರಲ್ಲಿ ರಾಜಿಯಾಯಿತು. ಗಣಿ ನಡೆಸುತ್ತಿದ್ದ ಆಸ್ಟ್ರೇಲಿಯಾದ ಬಿಎಚ್‌ಪಿ ಕಂಪನಿ 2002ರಲ್ಲಿ ಅಲ್ಲಿಂದ ಹೊರಬಂತು. ನದಿ ಹಾಗೇ ಉಳಿಯಿತು.

ಒಂದು ಕಣಿವೆಯ ಪಕ್ಕದ ಗುಡ್ಡ ಗಟ್ಟಿಯೋ ಅಲ್ಲವೋ ಅನ್ನುವ ಪ್ರಶ್ನೆಗೆ ತಡವಾಗಿ ಉತ್ತರ ಬಂದರೆ ಇಷ್ಟೆಲ್ಲ ಆಗುತ್ತೆ. ಅದಕ್ಕೇ ನಾನು ಮೊದಲು ನೋಡುವುದು, ಈ ಬೆಟ್ಟ ಹಿಂದೆ ಎಲ್ಲೆಲ್ಲಿ ಜಾರಿದೆ ಅಂತ. ಒಮ್ಮೆ ಜಾರಿದ ನೆಲ ಗುರುತು ಬಿಟ್ಟಿರುತ್ತೆ. ಇಳಿಜಾರಿನ ಮಧ್ಯೆ ಕಾರಣವಿಲ್ಲದೆ ಒಂದು ಸಮತಟ್ಟು, ಅದರಲ್ಲಿ ಸಣ್ಣ ಕೊಳ, ಮೇಲ್ಗಡೆ ಅರ್ಧಚಂದ್ರದ ಹಾಗೆ ಕಡಿದ ಗೋಡೆ, ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾದ ಮರಗಳು, ನೇರ ಬರುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ಎದುರು ದಡಕ್ಕೆ ಸರಿದಿರುವುದು. ಹಳೆಯ ವಿಮಾನ ಚಿತ್ರ ಸಿಕ್ಕರೆ ಬಿಡಬೇಡ. ಲೈಡಾರ್ ಸರ್ವೆ, ಅಂದರೆ ಮೇಲಿನಿಂದ ಲೇಸರ್ ಬಿಟ್ಟು ನೆಲ ಅಳೆಯುವುದು, ಮಾಡಿಸಿದ್ದರೆ ಗಿಡಮರ ತೆಗೆದ ಬರೀ ನೆಲದ ನಕ್ಷೆ ಕೇಳು. ಅದರ ಮುಂದೆ ಒಂದು ಇಡೀ ದಿನ ಕೂರು.

ಮಳೆಲೆಕ್ಕ:

ಕಲ್ಲುಮಣ್ಣು ಸರ್ ಹೇಳಿದ್ದು ಸರಿ. ನಾನು ನೀರಿನವಳು, ನನ್ನ ಪಾಲಿಗೆ ಮೊದಲ ಪ್ರಶ್ನೆ ಬೇರೆ. ಡ್ಯಾಮ್‌ನ ಮೇಲ್ಗಡೆ ಎಷ್ಟು ಬೆಟ್ಟದ ನೀರು ಈ ಕಣಿವೆಗೆ ಇಳಿಯುತ್ತೆ?

ಲೆಕ್ಕ ಬಹಳ ಸುಲಭ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸಾವಿರ ಘನ ಮೀಟರ್ ನೀರು. ಹತ್ತು ಚದರ ಕಿಲೋಮೀಟರ್ ಕಣಿವೆಗೆ ಒಂದೇ ದಿನ 400 ಮಿ.ಮೀ. ಬಿದ್ದರೆ 40 ಲಕ್ಷ ಘನ ಮೀಟರ್, ಅಂದರೆ 400 ಕೋಟಿ ಲೀಟರ್. ಎಲ್ಲವೂ ಹರಿದು ಬರುವುದಿಲ್ಲ, ಆದರೆ ನೆನೆದು ಕುಡಿದು ಸಾಕಾದ ಬೆಟ್ಟ ಜಾಸ್ತಿ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಮಣ್ಣಿನ ಡ್ಯಾಮ್‌ನ ನೆತ್ತಿ ಮೇಲೆ ನೀರು ಹರಿದರೆ ಕೊರೆದುಕೊಂಡು ಹೋಗುತ್ತೆ. ಕುಡಿಯುವ ನೀರಿನ ಡ್ಯಾಮ್ ಒಡೆದರೆ ಬರುವುದು ನೀರು. ಇಲ್ಲಿ ಕೆಸರೂ ಎದ್ದು ಬರುತ್ತೆ.

ಕಿರಿದಾದ ಬಾಯಿ, ಅಗಲವಾದ ಹೊಟ್ಟೆ ಅಂದಿರಲ್ಲ, ಅಂಥ ಕಣಿವೆ ಕೆಸರು ಹಿಡಿಯಲು ಎಷ್ಟು ಒಳ್ಳೆಯದೋ ಪ್ರವಾಹ ಹಿಡಿಯಲೂ ಅಷ್ಟೇ ಒಳ್ಳೆಯದು. ಬದಿಯಲ್ಲಿ ಕಾಲುವೆ ತೋಡಿ ನೀರು ಬೇರೆ ಕಡೆ ತಿರುಗಿಸುತ್ತೇವೆ ಅನ್ನುತ್ತಾರೆ. ಕಡಿದಾದ ಬೆಟ್ಟದಲ್ಲಿ ಆ ಕಾಲುವೆಗೆ ಒಂದು ಸಣ್ಣ ಗುಡ್ಡ ಜಾರಿ ಬಿದ್ದರೆ ಮುಗಿಯಿತು. ಅದೂ ಜೋರು ಮಳೆಯ ರಾತ್ರಿಯೇ ಬೀಳುತ್ತೆ. ಹಾಗಾಗಿ ಕಾಲುವೆ ಇಲ್ಲವೇ ಇಲ್ಲ ಅಂದುಕೊಂಡು ಒಂದು ಸಲ ಲೆಕ್ಕ ಹಾಕಿ.

ಇನ್ನೊಂದು. ಮಳೆ ಮಾಪಕ ಎಲ್ಲಿದೆ ಕೇಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ, ಅಲ್ಲಿಂದ 90 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸು. ತೀರ್ಥಹಳ್ಳಿಯವರಿಗೆ ನಾನು ಇದನ್ನು ಹೇಳಬೇಕಿಲ್ಲ. ಬೆಟ್ಟದ ಬುಡದ ಪಟ್ಟಣದ ಮಳೆ ಅಂಕಿ ತಂದು ನೆತ್ತಿಗೆ ಹಚ್ಚುವುದನ್ನು ನಾನು ಎಷ್ಟೋ ವರದಿಗಳಲ್ಲಿ ನೋಡಿದ್ದೇನೆ. 2020ರಲ್ಲಿ ಬಂದ ಜಾಗತಿಕ ಟೇಲಿಂಗ್ಸ್ ಮಾನದಂಡ ಓದಿದ್ದೀರಲ್ವಾ? ಒಡೆದರೆ ಅತಿ ದೊಡ್ಡ ಅನಾಹುತ ಆಗುವಂಥ ಡ್ಯಾಮ್ ಆದರೆ ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ, ಅಷ್ಟೇ ಅಪರೂಪದ ಭೂಕಂಪ, ಎರಡನ್ನೂ ತಡೆಯಬೇಕು ಅನ್ನುತ್ತೆ. ಐದಾರು ವರ್ಷದ ಮಳೆ ದಾಖಲೆ ಇಟ್ಟುಕೊಂಡು ಆ ಸಂಖ್ಯೆ ಹೇಳುವವರನ್ನು ನಾನು ನಂಬುವುದಿಲ್ಲ.

ಕಳಸದವಳು:

ನಾನು ಎಂಜಿನಿಯರ್ ಅಲ್ಲ. ಶಾಲೆಯಲ್ಲಿ ಪಾಠ ಮಾಡುತ್ತೇನೆ. ಆದರೆ ಈ ಚರ್ಚೆಯಲ್ಲಿ ನಮ್ಮ ಊರಿನ ಹೆಸರು ಬರದೇ ಇದ್ದರೆ ಹೇಗೆ ಅಂತ ಬರೆಯುತ್ತಿದ್ದೇನೆ.

ಕುದುರೆಮುಖದ ಲಕ್ಯಾ ಡ್ಯಾಮ್ ಇಂಥದ್ದೇ ಡ್ಯಾಮ್ ಅಲ್ವಾ. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ್ದು, ಸುಮಾರು 100 ಮೀಟರ್ ಎತ್ತರ. ಅದಿರು ಅರೆದು, ಕಬ್ಬಿಣದ ಪುಡಿಯನ್ನು ನೀರಿನ ಜೊತೆ ಸುಮಾರು 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಡ್ಯಾಮ್‌ಗೆ. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು. ಡ್ಯಾಮ್ ಮಾತ್ರ ಅಲ್ಲೇ ಇದೆ, ಅದರೊಳಗಿನ ಕೆಸರೂ ಅಲ್ಲೇ ಇದೆ. ವರ್ಷಕ್ಕೆ 7000 ಮಿ.ಮೀ. ಹೊಡೆಯುವ ಮಳೆಯೂ ನಿಂತಿಲ್ಲ. ಗಣಿ 30 ವರ್ಷದ ಒಳಗೆ ಮುಗಿಯಿತು, ಕೆಸರು ಕಾಯುವ ಕೆಲಸಕ್ಕೆ ಕೊನೆಯೇ ಇಲ್ಲ. ನಿಮ್ಮ ಶೀಟ್‌ನಲ್ಲಿ ಇದಕ್ಕೆ ಒಂದು ಸಾಲು ಇದೆಯಾ?

ಇನ್ನು ನೀರಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆ ಕಟ್ಟಲು ಜಾಗ ನೋಡುವಾಗ ಹಿರಿಯರು ಎರಡು ಸಲ ಹೋಗುತ್ತಾರೆ. ಒಂದು ಸಲ ಆಟಿ ಮಳೆಯಲ್ಲಿ, ಎಲ್ಲಿ ಜಲ ಒಡೆಯುತ್ತೆ ನೋಡಲು. ಇನ್ನೊಂದು ಸಲ ಬೇಸಿಗೆಯ ಕೊನೆಗೆ. ಗುಡ್ಡವೆಲ್ಲ ಒಣಗಿ ಕಂದಾಗಿರುವಾಗ ಎಲ್ಲಿ ಮಾತ್ರ ಹಸಿರು ಉಳಿದಿರುತ್ತೋ ಅಲ್ಲಿ ಕೆಳಗೆ ಒರತೆ ಇದೆ ಅಂತ ಲೆಕ್ಕ. ಕೇದಿಗೆ, ಜೊಂಡು ಬೆಳೆದ ಕಡೆ ಯಾರೂ ಪಂಚಾಂಗ ಹಾಕುವುದಿಲ್ಲ. ನಿಮ್ಮ ಹತ್ತಿರ ಇರುವುದು ಒಣ ಕಾಲದ ಫೋಟೊ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ಹಸಿರು ಎಲ್ಲಿದೆ ಮೊದಲು ನೋಡಿ.

ಕಲ್ಲುಮಣ್ಣು:

ಅಕ್ಕಾ, ನೀವು ಹೇಳಿದ್ದಕ್ಕೆ ಒಂದು ಸಾಕ್ಷಿ ಸೇರಿಸುತ್ತೇನೆ. ವೇಲ್ಸ್‌ನ ಅಬರ್ಫ್ಯಾನ್. ಅದು ಡ್ಯಾಮ್ ಅಲ್ಲ, ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡೆ. ಏಳನೇ ಗುಡ್ಡೆಯನ್ನು 1958ರಿಂದ ಊರಿನ ಮೇಲಿನ ಬೆಟ್ಟದಲ್ಲಿ ರಾಶಿ ಹಾಕುತ್ತಾ ಬಂದರು. ಅದರ ಅಡಿಯಲ್ಲೇ ನೀರಿನ ಒರತೆಗಳಿದ್ದವು. ಅವು ನಕ್ಷೆಯಲ್ಲೂ ಇದ್ದವು. ಗುಟ್ಟೇನೂ ಆಗಿರಲಿಲ್ಲ. 1966ರ ಅಕ್ಟೋಬರ್ 21ರ ಬೆಳಗ್ಗೆ, ಮಕ್ಕಳು ಶಾಲೆಯಲ್ಲಿ ಆಗತಾನೇ ಕೂತಿದ್ದಾಗ ಗುಡ್ಡೆ ಜಾರಿತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು.

ನನ್ನದೇ ಒಂದು ಅನುಭವ ಇದೆ. ಕಂಪನಿ ಹೆಸರು, ದೇಶ ಬೇಡ. ಒಂದು ಬೆಟ್ಟದ ಸೈಟ್‌ಗೆ ನಮ್ಮನ್ನು ಕರೆದುಕೊಂಡು ಹೋದದ್ದು ಒಣ ಕಾಲದಲ್ಲಿ, ಹೆಲಿಕಾಪ್ಟರ್‌ನಲ್ಲಿ. ಇಳಿದು ಎರಡು ಗಂಟೆ ನಡೆದೆವು. ಬಲಗಡೆ ಗುಡ್ಡ ಕಲ್ಲಿನ ಹಾಗೆ ಕಂಡಿತು. ನಾನೂ ವರದಿಯಲ್ಲಿ ಹಾಗೇ ಬರೆದೆ. ಮುಂದಿನ ವರ್ಷ ಮಳೆಯಲ್ಲಿ ಹೋದಾಗ ಅದೇ ಗುಡ್ಡದಲ್ಲಿ ಮೂರು ಕಡೆ ಕೈ ಗಾತ್ರದ ನೀರು ಹೊರಬರುತ್ತಿತ್ತು. ಆ ಹೊತ್ತಿಗೆ ದಾರಿ ಕಡಿದು ಮುಗಿದಿತ್ತು, ದುಡ್ಡು ಖರ್ಚಾಗಿತ್ತು, ಜಾಗ ಬದಲಿಸೋಣ ಅಂತ ಹೇಳಿದರೆ ಕೇಳುವವರು ಇರಲಿಲ್ಲ. ಡ್ಯಾಮ್‌ನ ವಿನ್ಯಾಸ ಬದಲಾಯಿಸಿ, ನೀರು ಹೊರಗೆ ಹೋಗಲು ದಾರಿ ಮಾಡಿ ಸರಿಪಡಿಸಿದೆವು. ಇವತ್ತಿಗೂ ಅದು ನಿಂತಿದೆ. ಆದರೆ ಮೊದಲ ವರ್ಷವೇ ಮಳೆಯಲ್ಲಿ ಹೋಗಿದ್ದರೆ ಆ ಕಣಿವೆಯನ್ನು ನಾನು ಒಪ್ಪುತ್ತಿರಲಿಲ್ಲ.

ಬಳ್ಳಾರಿ ಡ್ರಿಲ್ಲರ್:

ನಾಲ್ಕು ಬೋರ್‌ಹೋಲ್ ಅಂದ್ರಿ. ಎಷ್ಟು ಆಳ? ಎಲ್ಲೆಲ್ಲಿ? ಡ್ಯಾಮ್‌ನ ಅಡಿಯಲ್ಲೋ, ದಾರಿ ಪಕ್ಕ ಮಷಿನ್ ನಿಲ್ಲಿಸಲು ಸುಲಭ ಇದ್ದ ಕಡೆಯೋ?

ನಾನು 14 ವರ್ಷ ಡ್ರಿಲ್ ಮಷಿನ್ ಮೇಲೆ ನಿಂತವನು, ಅದಕ್ಕೇ ಕೇಳುತ್ತಿದ್ದೇನೆ. ನಮಗೆ ದುಡ್ಡು ಕೊಡುವುದು ಮೀಟರ್ ಲೆಕ್ಕದಲ್ಲಿ. ಮೆದು ಪದರ ಬಂದರೆ ನಿಧಾನ ಮಾಡಬೇಕು, ನೀರಿನ ಒತ್ತಡ ಇಳಿಸಬೇಕು, ಕೊರೆದದ್ದನ್ನು ಹಿಡಿದು ತರುವ ಒಳ್ಳೆ ಬ್ಯಾರೆಲ್ ಹಾಕಬೇಕು. ಅವಸರ ಮಾಡಿದರೆ ಆ ಪದರ ನೀರಿನ ಜೊತೆ ಕರಗಿ ಹೋಗುತ್ತೆ, ಮೇಲೆ ಬರುವುದೇ ಇಲ್ಲ. ಕೊರೆದು ತೆಗೆದ ಕಲ್ಲನ್ನು ಸಾಲಾಗಿ ಇಡುವ ಕೋರ್ ಬಾಕ್ಸ್‌ನಲ್ಲಿ ಸುಂದರವಾದ ಗಟ್ಟಿ ಕಲ್ಲು ಜೋಡಿಸಿರುತ್ತೆ, ನಡುವೆ ಅರ್ಧ ಮೀಟರ್ ಖಾಲಿ. ಎಲ್ಲರೂ ಕಲ್ಲಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀವು ಆ ಖಾಲಿ ಜಾಗ ನೋಡಿ. ಡ್ಯಾಮ್ ಜಾರುವುದಿದ್ದರೆ ಜಾರುವುದು ಆ ಅರ್ಧ ಮೀಟರ್‌ನಲ್ಲಿ.

ಡ್ರಿಲ್ಲರ್‌ನ ದಿನದ ಪುಸ್ತಕ ಕೇಳಿ ಪಡೆಯಿರಿ. ಯಾವ ಆಳದಲ್ಲಿ ಏನು ಸಿಕ್ಕಿತು ಅಂತ ಎಂಜಿನಿಯರ್ ಬರೆದ ಅಚ್ಚುಕಟ್ಟಾದ ಲಾಗ್ ಬೇರೆ, ಇದು ಬೇರೆ. ಎಷ್ಟು ಮೀಟರ್‌ನಲ್ಲಿ ಕೊರೆಯಲು ಬಿಟ್ಟ ನೀರು ವಾಪಸ್ ಬರುವುದು ನಿಂತಿತು, ಎಲ್ಲಿ ರಾಡ್ ತಾನಾಗೇ ಇಳಿಯಿತು, ಬೆಳಗ್ಗೆ ಬಂದು ನೋಡಿದಾಗ ರಂಧ್ರದಲ್ಲಿ ನೀರು ಎಷ್ಟು ಏರಿತ್ತು, ಇದೆಲ್ಲ ಅದರಲ್ಲಿ ಇರುತ್ತೆ. ಒಂದು ಸೈಟ್‌ನಲ್ಲಿ 20 ಮೀಟರ್ ಆಗುತ್ತಿದ್ದಂತೆ ನಿಲ್ಲಿಸು ಅಂದರು. ಕೆಳಗೆ ಇನ್ನೂ ಜೇಡಿ ಬರುತ್ತಿದೆ ಸರ್ ಅಂದೆ. ಕಾಂಟ್ರಾಕ್ಟ್ 20ಕ್ಕೇ ಇರುವುದು ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ವೆಚ್ಚದ ಲೆಕ್ಕ:

ಎಲ್ಲರ ಮಾತೂ ಸರಿ, ಆದರೆ ಒಬ್ಬರಾದರೂ ಇನ್ನೊಂದು ಕಡೆ ಹೇಳಬೇಕು. ಬೆಟ್ಟದಲ್ಲಿ ಒಂದೊಂದು ಬೋರ್‌ಗೂ ದಾರಿ ಕಡಿಯಬೇಕು, ಮಷಿನ್ ಏರಿಸಬೇಕು, ಅನುಮತಿ ಬೇಕು. ಇನ್ನೊಂದು ಬೋರ್, ಇನ್ನೊಂದು ಮಳೆಗಾಲ ಅಂತ ಹೋದರೆ ಯಾವ ಗಣಿಯೂ ಶುರುವಾಗುವುದಿಲ್ಲ. ಕರೆಂಟ್ ತಂತಿ, ಎಲೆಕ್ಟ್ರಿಕ್ ಗಾಡಿ ಎಲ್ಲದಕ್ಕೂ ತಾಮ್ರ ಬೇಕಲ್ವಾ. ಅದೂ ಅಲ್ಲದೆ ಈಗ ಕೆಸರಿನಿಂದ ನೀರು ಹಿಂಡಿ ಒಣ ಮಣ್ಣಿನ ಹಾಗೆ ಗುಡ್ಡೆ ಹಾಕುವ ವಿಧಾನ ಬಂದಿದೆ. ಚಿಲಿಯ ಲಾ ಕೊಯ್ಪಾ ಗಣಿಯಲ್ಲಿ ಹಾಗೇ ಮಾಡಿದ್ದಾರೆ. ಡ್ಯಾಮ್ ಯಾಕೆ ಬೇಕು?

ಮಳೆಲೆಕ್ಕ:

ಲಾ ಕೊಯ್ಪಾ ಇರುವುದು ಅಟಕಾಮ ಮರುಭೂಮಿಯ ಕಡೆ. ಅಲ್ಲಿ ಗುಡ್ಡೆಯ ಮೇಲೆ ಬೀಳಲು ಮಳೆಯೇ ಇಲ್ಲ. ಮಳೆ ಜಾಸ್ತಿ ಇರುವ ಬೆಟ್ಟದಲ್ಲಿ ಹಿಂಡಿ ಒಣಗಿಸಿದ್ದು ಹರಡಿ ಒತ್ತುವ ಮೊದಲೇ ಮತ್ತೆ ನೆನೆಯುತ್ತೆ. ಒಳ್ಳೆಯ ವಿಧಾನ, ನಾನು ಬೇಡ ಅನ್ನುವುದಿಲ್ಲ, ಮೇಲೆ ನಿಂತ ನೀರಿನ ಕೆರೆ ಇರುವುದಿಲ್ಲ ಅನ್ನುವುದೇ ದೊಡ್ಡ ಲಾಭ. ಆದರೆ ಆ ಗುಡ್ಡೆಯೂ ಒಂದು ನೆಲದ ಮೇಲೇ ಕೂರಬೇಕು.

ಕಲ್ಲುಮಣ್ಣು:

ಹಾಂ, ನೆಲದ ಮೇಲೇ ಕೂರಬೇಕು. ವೆಚ್ಚದ ಮಾತು ಬಂದದ್ದು ಒಳ್ಳೆಯದಾಯಿತು, ಕೆನಡಾದ ಮೌಂಟ್ ಪಾಲಿ ಬಗ್ಗೆ ಹೇಳಲೇಬೇಕು.

ಬ್ರಿಟಿಷ್ ಕೊಲಂಬಿಯಾದ ತಾಮ್ರ, ಚಿನ್ನದ ಗಣಿ. ಡ್ಯಾಮ್ ಎತ್ತರ ಸುಮಾರು 40 ಮೀಟರ್. 2014ರ ಆಗಸ್ಟ್ 4ರ ನಡುರಾತ್ರಿ ದಾಟಿದ ಮೇಲೆ ಒಂದು ಕಡೆ ಕುಸಿಯಿತು. ಸುಮಾರು 2.5 ಕೋಟಿ ಘನ ಮೀಟರ್ ನೀರು ಮತ್ತು ಕೆಸರು ಹೇಝಲ್‌ಟೈನ್ ಹಳ್ಳ ಹಿಡಿದು ಕ್ವೆನೆಲ್ ಸರೋವರಕ್ಕೆ ಹೋಯಿತು. ದಾಟಿಹೋಗುವಷ್ಟು ಕಿರಿದಾಗಿದ್ದ ಹಳ್ಳ ಕಾಡನ್ನೇ ಕೊರೆದು ದೊಡ್ಡ ಬಯಲಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಕಾರಣ ಹುಡುಕಲು ಮೂವರು ತಜ್ಞರ ಸಮಿತಿ ಕೂತಿತು. 2015ರ ಜನವರಿಯಲ್ಲಿ ವರದಿ ಕೊಟ್ಟರು. ನೆಲದಿಂದ ಎಂಟು ಹತ್ತು ಮೀಟರ್ ಕೆಳಗೆ ಒಂದು ಜೇಡಿ ಪದರ ಇತ್ತು. ಹಿಮಯುಗದ ಸರೋವರದ ತಳದಲ್ಲಿ ಕೂತ ನುಣುಪು ಜೇಡಿ. ಅದರ ಗುಣ ಡ್ಯಾಮ್ ವಿನ್ಯಾಸ ಮಾಡಿದವರ ತನಿಖೆಗೆ ಸಿಕ್ಕಿರಲಿಲ್ಲ. ಇಂಥ ಜೇಡಿ ಹೇಗೆ ಮೋಸ ಮಾಡುತ್ತೆ ಅಂತ ಹೇಳುತ್ತೇನೆ, ಇದು ಮುಖ್ಯ. ಹಿಂದೆ ಅದು ಭಾರ ಹೊತ್ತಿರುತ್ತೆ, ಒತ್ತಿಸಿಕೊಂಡಿರುತ್ತೆ. ಆ ಹಳೆಯ ಭಾರಕ್ಕಿಂತ ಕಡಿಮೆ ಹೊರೆ ಇರುವವರೆಗೆ ಗಟ್ಟಿಯಾಗಿ ನಡೆದುಕೊಳ್ಳುತ್ತೆ. ನೀನು ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿದರೂ ಗಟ್ಟಿ ಅಂತಲೇ ಬರುತ್ತೆ. ಡ್ಯಾಮ್ ವರ್ಷ ವರ್ಷ ಏರುತ್ತಾ ಹೋಗಿ ಹೊರೆ ಆ ಹಳೆಯ ಮಿತಿ ದಾಟಿದ ಕೂಡಲೇ ಅದರ ಸ್ವಭಾವವೇ ಬದಲಾಗುತ್ತೆ. ಒಳಗಿನ ನೀರು ಹೊರಗೆ ಹೋಗಲು ಸಮಯ ಇರುವುದಿಲ್ಲ, ಭಾರ ನೀರಿನ ಮೇಲೆ ಬೀಳುತ್ತೆ, ಜೇಡಿ ಜಾರುತ್ತೆ. ಅದರ ಮೇಲೆ ಡ್ಯಾಮ್‌ನ ಹೊರ ಇಳಿಜಾರು ಯೋಜನೆಯಲ್ಲಿ ಇದ್ದುದಕ್ಕಿಂತ ಕಡಿದಾಗಿತ್ತು. ಪದರ ಒಂದು ಕಡೆ, ಕಡಿದಾದ ಇಳಿಜಾರು ಇನ್ನೊಂದು ಕಡೆ, ಎರಡೂ ಸೇರಿದವು.

ಆದ್ದರಿಂದ ತಮ್ಮಾ, ಪರೀಕ್ಷೆ ಮಾಡಿಸುವಾಗ ಈಗಿನ ಭಾರಕ್ಕೆ ಮಾಡಿಸಿದರೆ ಸಾಲದು. ಕೊನೆಯ ವರ್ಷ ಡ್ಯಾಮ್ ಎಷ್ಟು ಎತ್ತರ ಆಗುತ್ತೋ ಆ ಭಾರಕ್ಕೆ ಮಾಡಿಸಬೇಕು. ಆಸ್ಟ್ರೇಲಿಯಾದ ಕೇಡಿಯಾದಲ್ಲಿ 2018ರ ಮಾರ್ಚ್‌ನಲ್ಲಿ ಡ್ಯಾಮ್ ಕುಸಿದಾಗಲೂ ತಜ್ಞರು ಬೆರಳು ತೋರಿಸಿದ್ದು ಅಡಿಪಾಯದ ಒಂದು ದುರ್ಬಲ ಪದರಕ್ಕೇ. ಎರಡೂ ಶ್ರೀಮಂತ ದೇಶ, ಒಳ್ಳೆಯ ಎಂಜಿನಿಯರ್‌ಗಳು. ಇನ್ನೊಂದು ಹತ್ತು ಬೋರ್‌ಗಳ ವೆಚ್ಚವನ್ನು ಆ ಸರೋವರದ ಪಕ್ಕದಲ್ಲಿಟ್ಟು ನೋಡಿ ಸ್ವಾಮಿ.

ವೆಚ್ಚದ ಲೆಕ್ಕ:

ಒಪ್ಪಿದೆ. ಬೋರ್ ಉಳಿಸಿ ಅಂತ ನಾನು ಹೇಳಲಿಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಒಂದು ಅಳತೆ ಬೇಕು ಅಂದೆ.

ಬಳ್ಳಾರಿ ಡ್ರಿಲ್ಲರ್:

ಅಳತೆ ಇದೆ ಸರ್. ಮುಂದಿನ ಬೋರ್‌ನಲ್ಲಿ ಏನು ಬರುತ್ತೆ ಅಂತ ಮೊದಲೇ ಬರೆದಿಡಿ. ಬರೆದದ್ದೇ ಬಂದರೆ ನೆಲ ಅರ್ಥವಾಗಿದೆ. ಬೇರೆ ಬಂದರೆ ಇನ್ನೂ ಅರ್ಥವಾಗಿಲ್ಲ, ಮುಂದಕ್ಕೆ ಹೋಗಿ. ನಮ್ಮ ಹಳೆಯ ಜಿಯಾಲಜಿಸ್ಟ್ ಒಬ್ಬರು ಹೀಗೆ ಮಾಡುತ್ತಿದ್ದರು.

ಕೆಜಿಎಫ್ ಮನೆಮಗ:

ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತವನು, ತಪ್ಪಿದ್ದರೆ ಕ್ಷಮಿಸಿ. ನಮ್ಮ ಕಡೆ ಡ್ಯಾಮ್ ಇಲ್ಲ, ಸೈನೈಡ್ ದಿಬ್ಬಗಳಿವೆ. ಅದೂ ಅರೆದ ಅದಿರಿನ ಪುಡಿಯೇ. ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು, ದಿಬ್ಬ ಮುಚ್ಚಲಿಲ್ಲ. ಗಾಳಿ ಎದ್ದ ದಿನ ಅಮ್ಮ ಒಣಗಲು ಹಾಕಿದ ಬಟ್ಟೆ ಎಲ್ಲ ಬಿಳಿ ಪುಡಿ. ಅನ್ನದ ತಟ್ಟೆಗೆ ಸೀರೆ ಸೆರಗು ಅಡ್ಡ ಹಿಡಿಯುತ್ತಿದ್ದರು. ದಿಬ್ಬಕ್ಕೆ ಜಾಗ ಕೊಟ್ಟ ದಿನ ಯಾರಾದರೂ ಗಾಳಿ ಯಾವ ಕಡೆಯಿಂದ ಬೀಸುತ್ತೆ, ಮನೆಗಳು ಯಾವ ಕಡೆ ಇವೆ ಅಂತ ನೋಡಿದ್ದರೆ ನಮ್ಮ ಬಾಲ್ಯ ಬೇರೆ ಥರ ಇರುತ್ತಿತ್ತು. ಗಾಳಿಗೂ ಒಂದು ಸಾಲು ಹಾಕಿ ತಮ್ಮ.

ಕಲ್ಲುಮಣ್ಣು:

ಗಾಳಿಯ ಸಾಲು ಹಾಕು ತಮ್ಮಾ, ಮರೆಯಬೇಡ. ನಿನ್ನದು ಆಂಡಿಸ್ ಅಂದದ್ದಕ್ಕೆ ಇನ್ನೆರಡು ವಿಷಯ ಹೇಳಿ ಮುಗಿಸುತ್ತೇನೆ.

ಕಣಿವೆಯ ಮೇಲೆ ಏನಿದೆ ನೋಡು. 1970ರ ಮೇ 31ರಂದು ಪೆರುವಿನಲ್ಲಿ ಭೂಕಂಪ ಆಯಿತು. ವಾಸ್ಕರಾನ್ ಶಿಖರದಿಂದ ಹಿಮ, ಬಂಡೆ ಕಿತ್ತು ಬಂದು ಯುಂಗಾಯ್ ಪಟ್ಟಣವನ್ನೇ ಮುಚ್ಚಿಬಿಟ್ಟಿತು. ನಿನ್ನ ಡ್ಯಾಮ್ ಎಷ್ಟೇ ಗಟ್ಟಿ ಇರಲಿ, ಮೇಲಿನಿಂದ ಅಂಥದ್ದೊಂದು ಒಳಗೆ ಬಿದ್ದರೆ ಕೆಸರು ಎದ್ದು ಆಚೆ ಹಾರುತ್ತೆ. ಹಿಮನದಿ ಇದೆಯಾ, ಅದು ಕರಗಿ ಆದ ಸರೋವರ ಇದೆಯಾ, ಕಣಿವೆಯ ತುದಿಯವರೆಗೂ ಹೋಗಿ ನೋಡಬೇಕು.

ಆಮೇಲೆ ಕೆಳಗೆ ಯಾರಿದ್ದಾರೆ ನೋಡು. ಚಿಲಿಯ ಎಲ್ ಕೋಬ್ರೆಯಲ್ಲಿ 1965ರ ಮಾರ್ಚ್‌ನಲ್ಲಿ ಭೂಕಂಪಕ್ಕೆ ಟೇಲಿಂಗ್ಸ್ ಡ್ಯಾಮ್ ನೀರಾಗಿ ಹರಿಯಿತು. ಕೆಳಗಿನ ಊರಿನಲ್ಲಿ 200ಕ್ಕೂ ಹೆಚ್ಚು ಜನ ಹೋದರು. ಅರೆದ ಪುಡಿ ನೀರು ತುಂಬಿಕೊಂಡು ಸಡಿಲವಾಗಿ ಕೂತಿದ್ದರೆ ಅಲುಗಿದ ಕೂಡಲೇ ಗಂಜಿಯ ಹಾಗೆ ಆಗುತ್ತೆ. ಅದಕ್ಕೇ ಕೆಸರಿನ ಮೇಲೇ ಒಡ್ಡು ಏರಿಸುತ್ತಾ ಹೋಗುವ ವಿಧಾನವನ್ನು ಚಿಲಿ ಆಮೇಲೆ ನಿಷೇಧಿಸಿತು. ಬ್ರೆಜಿಲ್‌ನಲ್ಲಿ ಅದೇ ವಿಧಾನದ ಬ್ರುಮಾಡಿನ್ಯೊ ಡ್ಯಾಮ್ 2019ರ ಜನವರಿ 25ರಂದು ಮಧ್ಯಾಹ್ನ ಊಟದ ಹೊತ್ತಿಗೆ ಒಡೆಯಿತು, ಭೂಕಂಪವೂ ಇಲ್ಲದೆ. ಗಣಿಯ ಕ್ಯಾಂಟೀನ್, ಕಚೇರಿ ಡ್ಯಾಮ್‌ನ ಕೆಳಗೇ ಇದ್ದವು. 270 ಜನ ಸತ್ತರು. ಊಟಕ್ಕೆ ಕೂತವರಿಗೆ ಎದ್ದು ಓಡಲು ಪುರುಸೊತ್ತು ಸಿಗಲಿಲ್ಲ.

ಉತ್ತರ ಇಟಲಿಯ ಸ್ಟಾವಾದಲ್ಲಿ 1985ರ ಜುಲೈ 19ರಂದು ಒಂದರ ಮೇಲೊಂದು ಕಟ್ಟಿದ್ದ ಎರಡು ಕಟ್ಟೆಗಳಲ್ಲಿ ಮೇಲಿನದು ಕುಸಿದು ಕೆಳಗಿನದನ್ನೂ ಒಡೆಯಿತು, 268 ಜನ ಸತ್ತರು. ಹರಿದದ್ದು ಬರೀ 1.8 ಲಕ್ಷ ಘನ ಮೀಟರ್ ತಮ್ಮಾ. ಮೌಂಟ್ ಪಾಲಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಕಡಿದಾದ ಕಣಿವೆಯಲ್ಲಿ ಸಣ್ಣ ಡ್ಯಾಮ್ ಅನ್ನುವುದು ಇಲ್ಲ.

ತೀರ್ಥಹಳ್ಳಿ ಹುಡುಗ:

ಎರಡು ವಾರ ಆಯಿತು, ಉತ್ತರ ಕೊಡಲು ತಡವಾಯಿತು. ಎಲ್ಲವನ್ನೂ ಮೂರು ನಾಲ್ಕು ಸಲ ಓದಿದೆ.

ಕಳಸದ ಅಕ್ಕ ಹೇಳಿದ ಮೇಲೆ ಒಣ ಕಾಲದ ಉಪಗ್ರಹ ಚಿತ್ರ ತೆಗೆದು ಹಸಿರು ಹುಡುಕಿದೆ. ಮೊದಲನೇ ಕಣಿವೆಯಲ್ಲಿ ಡ್ಯಾಮ್‌ನ ಎಡ ಭುಜ ಬಂದು ಗುಡ್ಡಕ್ಕೆ ಸೇರುವ ಜಾಗದಲ್ಲೇ ಒಂದು ಹಸಿರು ಪಟ್ಟಿ ಇದೆ. ಸುತ್ತ ಎಲ್ಲ ಕಂದು, ಅದೊಂದೇ ಹಸಿರು. ಎಂಟು ವರ್ಷದ ಚಿತ್ರ ನೋಡಿದೆ, ಒಂದು ವರ್ಷವೂ ಒಣಗಿಲ್ಲ. ಅಲ್ಲಿರುವ ನಮ್ಮ ಸಹೋದ್ಯೋಗಿಗೆ ಫೋನ್ ಮಾಡಿ ಅಲ್ಲಿಯ ಕುರುಬರನ್ನು ಕೇಳಿ ಅಂದೆ. ಅದು ಬೋಫೆದಾಲ್ ಅಂತೆ. ಎತ್ತರದ ಬೆಟ್ಟದಲ್ಲಿ ವರ್ಷವಿಡೀ ಒರತೆ ನೀರು ನಿಲ್ಲುವ ಜೌಗು ನೆಲ. ಅವರ ಅಲ್ಪಾಕಾಗಳು ಮೇಯುವುದೇ ಅಲ್ಲಿ. ಅಲ್ಲಿನ ಒಬ್ಬ ಅಜ್ಜಿ ಮೇಲಿನ ಗುಡ್ಡದಲ್ಲಿ ಇನ್ನೆರಡು ಕಡೆ ನೀರು ಬರುತ್ತೆ ಅಂತ ಕೈ ತೋರಿಸಿದರಂತೆ. ನಮ್ಮ ಯಾವ ನಕ್ಷೆಯಲ್ಲೂ ಅವು ಇರಲಿಲ್ಲ.

ನಾಲ್ಕು ಬೋರ್‌ನಲ್ಲಿ ಒಂದೂ ಆ ಎಡ ಭುಜದಲ್ಲಿ ಇಲ್ಲ. ಬಳ್ಳಾರಿ ಅಣ್ಣ ಕೇಳಿದ್ದು ನಿಜ, ನಾಲ್ಕೂ ದಾರಿ ಪಕ್ಕ. ಕೋರ್ ಬಾಕ್ಸ್ ಫೋಟೊ ತರಿಸಿಕೊಂಡೆ. ಮೂರನೇ ಬೋರ್‌ನಲ್ಲಿ 17 ಮೀಟರ್ ಹತ್ತಿರ ಖಾಲಿ ಇದೆ. ಲಾಗ್‌ನಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ.

ಮ್ಯಾನೇಜರ್ ಹತ್ತಿರ ಹೋಗಿ ಮೊದಲನೇ ಕಣಿವೆಗೆ ಅಂಕ ಹಾಕಲು ಆಗುವುದಿಲ್ಲ, ಮಾಹಿತಿ ಸಾಲದು ಅಂದೆ. ಮೊದಲು ಸಿಡುಕಿದರು. ಹಸಿರು ಪಟ್ಟಿ ತೋರಿಸಿದೆ. ಸುಮಾರು ಹೊತ್ತು ನೋಡಿದರು. ಅಲ್ಲಿ ಮಳೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಫೆಬ್ರವರಿಯಲ್ಲಿ ಹೋಗಲು ಒಪ್ಪಿಗೆ ಸಿಕ್ಕಿದೆ, ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಹೊಸ ಬೋರ್ ಐದು ಕೇಳಿದ್ದೆ, ಸದ್ಯಕ್ಕೆ ಎರಡು ಕೊಟ್ಟರು. ಎರಡನ್ನೂ ಎಡ ಭುಜಕ್ಕೇ ಹಾಕಿದ್ದೇನೆ.

ಬಳ್ಳಾರಿ ಡ್ರಿಲ್ಲರ್:

ಎಷ್ಟು ಆಳ?

ತೀರ್ಥಹಳ್ಳಿ ಹುಡುಗ:

60 ಮೀಟರ್ ಕೇಳಿದ್ದೇನೆ ಅಣ್ಣಾ. ಏನು ಬರುತ್ತೆ ಅಂತ ಬರೆದೂ ಇಟ್ಟಿದ್ದೇನೆ. ಕಾಂಟ್ರಾಕ್ಟ್‌ನಲ್ಲಿ ಮೀಟರ್ ಲೆಕ್ಕ ಬೇಡ, ದಿನದ ಲೆಕ್ಕ ಹಾಕಿ ಅಂತಲೂ ಬರೆದೆ.

ಕಳಸದವಳು:

ಆ ಹಸಿರು ಪಟ್ಟಿಯ ಚಿತ್ರ ಹಾಕಲು ಆದರೆ ಇಲ್ಲಿ ಹಾಕು ತಮ್ಮಾ. ಡ್ಯಾಮ್ ಗೆರೆಯಿಂದ ಕೆಳಗೂ ಹಸಿರು ಇಳಿದಿದೆಯಾ ಅಂತ ನೋಡಬೇಕು. ಇಳಿದಿದ್ದರೆ ನೀರು ಅಡಿಯಿಂದಲೇ ದಾಟಿ ಹೋಗುತ್ತಿದೆ.